ಗೇಟ್ ಪಾಸಿನಲ್ಲಿ ಇದ್ದಾರೆ, ಹಾಜರಿ ಪುಸ್ತಕದಲ್ಲಿ ಇಲ್ಲ

ಪಿಎಫ್ ಆಫೀಸಿನ ಲೆಕ್ಕದಲ್ಲಿ ಒಬ್ಬ ಮನುಷ್ಯ ಅಂದರೆ ಹನ್ನೆರಡು ಅಂಕೆ. ಯುಎಎನ್ ಅಂತಾರೆ ಅದಕ್ಕೆ. ನನ್ನ ಹೊಟ್ಟೆಪಾಡು ಆ ಅಂಕೆಗಳ ಮೇಲೇ ನಡೆಯುತ್ತದೆ. ಮಂಗಳೂರು, ಉಡುಪಿ ನಡುವಿನ ಮೂಲ್ಕಿಯಲ್ಲಿ ನಮ್ಮದೊಂದು ಸಣ್ಣ ಆಫೀಸು. ಹಳೆಯ ಕಂಪ್ಯೂಟರು, ಆಗಾಗ ಮುನಿಸಿಕೊಳ್ಳುವ ಪ್ರಿಂಟರು, ಮಳೆಗಾಲದಲ್ಲಿ ಬೂಷ್ಟು ಹಿಡಿಯುವ ಫೈಲುಗಳು. ಬೈಕಂಪಾಡಿ, ಸುರತ್ಕಲ್, ನಂದಿಕೂರು ಕಡೆಯ ಲೇಬರ್ ಕಂಟ್ರಾಕ್ಟರುಗಳು ತಿಂಗಳ ಹಾಜರಿ ಕಳಿಸುತ್ತಾರೆ. ಕೆಲವರು ಎಕ್ಸೆಲ್‌ನಲ್ಲಿ, ಕೆಲವರು ವಾಟ್ಸಾಪ್‌ನಲ್ಲಿ ಫೋಟೋ ಹೊಡೆದು, ಇನ್ನು ಕೆಲವರು ನೋಟ್ ಪುಸ್ತಕದ ಹಾಳೆಯನ್ನೇ ಹರಿದು ಹುಡುಗನ ಕೈಯಲ್ಲಿ. ನಾವು ಹದಿನೈದನೇ ತಾರೀಖಿನೊಳಗೆ ಪಿಎಫ್, ಇಎಸ್‌ಐ ಚಲನ್ ಕಟ್ಟಿಸಬೇಕು.

ಆ ಹಾಜರಿಯಲ್ಲಿ ಇರುವವರು ದೊಡ್ಡ ದೊಡ್ಡ ಕಾರ್ಖಾನೆಗಳ ಒಳಗೆ ದುಡಿಯುತ್ತಾರೆ, ಆದರೆ ಆ ಕಾರ್ಖಾನೆಗಳ ನೌಕರರಲ್ಲ. ಪೈಪಿಗೆ ಪೇಂಟ್ ಹೊಡೆಯುವವರು. ಎತ್ತರದ ಕೆಲಸಕ್ಕೆ ಸ್ಕ್ಯಾಫೋಲ್ಡಿಂಗ್ ಕಟ್ಟುವವರು. ಕನ್ವೇಯರ್ ಬೆಲ್ಟಿನ ಕೆಳಗೆ ಉದುರಿದ ಕಲ್ಲಿದ್ದಲನ್ನು ಸಲಿಕೆಯಲ್ಲಿ ಎತ್ತಿ ಮತ್ತೆ ಬೆಲ್ಟಿಗೆ ಹಾಕುವವರು. ಬೂದಿ ಲಾರಿಯ ಕ್ಲೀನರುಗಳು. ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ಅಕ್ಕಂದಿರು. ಹೆಸರುಗಳನ್ನು ಟೈಪ್ ಮಾಡಿ ಮಾಡಿ ನನಗೆ ಅರ್ಧ ಜನರ ತಂದೆಯ ಹೆಸರು, ಹುಟ್ಟಿದ ತಾರೀಖು ಬಾಯಿಪಾಠ. ಮುಖ ಮಾತ್ರ ಗೊತ್ತಿಲ್ಲ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಈಚೆಗೆ ಎಲ್ಲಿ ನೋಡಿದರೂ ಕಲ್ಲಿದ್ದಲು ಬಿಡುವ ಮಾತು. ಭಾರತ 2070ಕ್ಕೆ ನಿವ್ವಳ ಶೂನ್ಯಕ್ಕೆ, ಅಂದರೆ ಬಿಡುವ ಇಂಗಾಲಕ್ಕೂ ಹೀರುವ ಇಂಗಾಲಕ್ಕೂ ಸರಿಹೋಗುವ ಮಟ್ಟಕ್ಕೆ ಬರುತ್ತದೆ ಅಂತ 2021ರಲ್ಲಿ ಗ್ಲಾಸ್ಗೋದಲ್ಲಿ ಪ್ರಧಾನಿ ಹೇಳಿ ಆಗಿದೆ. ಬಿಡಬೇಕು, ಅದರಲ್ಲಿ ನನ್ನ ತಕರಾರಿಲ್ಲ. ಕಡಲು ಕೊರೆದು ಮನೆ ತೆಗೆದುಕೊಂಡು ಹೋಗುವುದನ್ನು ನೋಡುತ್ತಾ ಬೆಳೆದ ಊರಿನವರು ನಾವು. ಹವಾಮಾನ ಬದಲಾಗಿದೆಯೋ ಇಲ್ಲವೋ ಅಂತ ನಮಗೆ ಯಾರೂ ಭಾಷಣ ಮಾಡಬೇಕಾಗಿಲ್ಲ. ಬಿಡುವಾಗ ಕೆಲಸಗಾರರಿಗೆ ಅನ್ಯಾಯ ಆಗಬಾರದು ಅಂತಲೂ ಎಲ್ಲರೂ ಹೇಳುತ್ತಾರೆ. 2015ರ ಪ್ಯಾರಿಸ್ ಒಪ್ಪಂದದ ಪೀಠಿಕೆಯಲ್ಲೇ ಆ ಮಾತುಂಟು. ಸರಿ. ಆದರೆ ಕೆಲಸಗಾರರು ಅಂದರೆ ಯಾರು? ಯಾವ ಪುಸ್ತಕ ನೋಡಿ ಲೆಕ್ಕ ಹಾಕುತ್ತಾರೆ? ಪಿಎಫ್ ಕ್ಲರ್ಕಿಗೆ ಬರುವ ಪ್ರಶ್ನೆ ಇಷ್ಟೇ.

ನಮ್ಮ ಈ ಕರಾವಳಿ ಪಟ್ಟಿ ಎಣ್ಣೆ, ಕಲ್ಲಿದ್ದಲಿನ ಮೇಲೆ ಎಷ್ಟು ನಿಂತಿದೆ ಅಂತ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಹೊಳೆಯುವುದೇ ಇಲ್ಲ. ಉಡುಪಿ ಜಿಲ್ಲೆಯ ಎಲ್ಲೂರಿನಲ್ಲಿ 600 ಮೆಗಾವಾಟಿನ ಎರಡು ಘಟಕಗಳ ಕಲ್ಲಿದ್ದಲು ವಿದ್ಯುತ್ ಸ್ಥಾವರ. ಅದಕ್ಕೆ ಬೇಕಾದ ಕಲ್ಲಿದ್ದಲು ಹೊರದೇಶದಿಂದ ಹಡಗಿನಲ್ಲಿ ಮಂಗಳೂರಿನ ಪಣಂಬೂರು ಬಂದರಿಗೆ ಬಂದು, ಅಲ್ಲಿಂದ ರೈಲಿನಲ್ಲಿ ಇಲ್ಲಿಗೆ. ಕುತ್ತೆತ್ತೂರಿನಲ್ಲಿ ವರ್ಷಕ್ಕೆ 150 ಲಕ್ಷ ಟನ್ ಕಚ್ಚಾತೈಲ ಸಂಸ್ಕರಿಸಬಲ್ಲ ಎಂಆರ್‌ಪಿಎಲ್. ಪಣಂಬೂರು ಬಂದರಿನ ಸರಕಿನಲ್ಲಿ ದೊಡ್ಡ ಪಾಲು ಕಚ್ಚಾತೈಲ, ಪೆಟ್ರೋಲಿಯಂ ಸಾಮಾನು, ಗ್ಯಾಸು, ಕಲ್ಲಿದ್ದಲು. ಇದರ ಸುತ್ತ ಟ್ಯಾಂಕರು, ಟಯರ್ ಅಂಗಡಿ, ಗ್ಯಾರೇಜು, ವೆಲ್ಡಿಂಗ್ ಶೆಡ್ಡು, ಉತ್ತರದ ಹುಡುಗರಿಗೆ ಬಾಡಿಗೆ ಕೋಣೆ, ರಾತ್ರಿ ಹನ್ನೊಂದರವರೆಗೆ ಚಪಾತಿ ಕೊಡುವ ಹೋಟೆಲು. ಇದರಲ್ಲಿ ಎಷ್ಟು ಜನರ ಹೆಸರು ಯಾವ ಪುಸ್ತಕದಲ್ಲಿ ಉಂಟು?

ನಾನು ಹುಟ್ಟಿದ್ದು ಕುದುರೆಮುಖದಲ್ಲಿ. ಬೆಟ್ಟದಲ್ಲಲ್ಲ, ಕೆಳಗಿನ ಟೌನ್‌ಶಿಪ್ಪಿನ ಹತ್ತಿರ. ಅಪ್ಪ ಟೈಲರ್. ಅಲ್ಲಿನ ಕಬ್ಬಿಣದ ಅದಿರಿನ ಗಣಿಯ ಕೆಲಸಗಾರರಿಗೆ ಯೂನಿಫಾರ್ಮಿನ ಬಟ್ಟೆ ಸಿಗುತ್ತಿತ್ತು, ಹೊಲಿಗೆ ಅಪ್ಪನ ಹತ್ತಿರ. ಶಾಲೆ ಶುರುವಾಗುವ ಮೊದಲು ಮಕ್ಕಳ ಯೂನಿಫಾರ್ಮಿನ ರಾಶಿ, ದಸರಾ ಹೊತ್ತಿಗೆ ರವಿಕೆಗಳ ರಾಶಿ. ಅಲ್ಲಿನ ಮಳೆಗೆ ಬಟ್ಟೆ ಒಣಗುವುದೇ ಇಲ್ಲ. ಹಾಗಾಗಿ ಎಲ್ಲರಿಗೂ ಎರಡು ಜೊತೆ ಜಾಸ್ತಿ ಬೇಕು, ಅಪ್ಪನಿಗೆ ಅದೇ ಲಾಭ. ಹೊರಗೆ ಎರಡು ಹೆಜ್ಜೆ ಇಟ್ಟರೆ ಕಾಲಿಗೆ ಜಿಗಣೆ, ಒಳಗೆ ಇಸ್ತ್ರಿಪೆಟ್ಟಿಗೆಯ ಕೆಂಡದ ಬಿಸಿ.

ಆ ಗಣಿಯ ಕಥೆ ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. 1976ರಲ್ಲಿ ಕಂಪನಿ ಶುರುವಾದದ್ದು ಇರಾನಿಗೆ ಅದಿರು ಕಳಿಸಲು. ದುಡ್ಡು ಕೊಡುತ್ತೇನೆ ಅಂದವರು ಅಲ್ಲಿನ ದೊರೆ ಶಾ. 1979ರಲ್ಲಿ ಅಲ್ಲಿ ಕ್ರಾಂತಿಯಾಯಿತು, ಶಾ ಓಡಿಹೋದರು, ಕೊಳ್ಳುವವರು ಇಲ್ಲದಂತಾಯಿತು. ಆಮೇಲೆ ಪಣಂಬೂರಿನಲ್ಲಿ ಅದಿರಿನ ಪುಡಿಯನ್ನು ಉಂಡೆ ಮಾಡುವ ಪೆಲೆಟ್ ಘಟಕ ಕಟ್ಟಿ ಗಣಿಯನ್ನು ಉಳಿಸಿಕೊಂಡರು. ಅದಿರನ್ನು ಪುಡಿಮಾಡಿ ನೀರಲ್ಲಿ ಕಲಸಿ, ಘಟ್ಟ ಇಳಿಸಿ, 67 ಕಿಲೋಮೀಟರ್ ಪೈಪಿನಲ್ಲಿ ಕಡಲಿನವರೆಗೆ ಹರಿಸುತ್ತಿದ್ದರು. ಉಳಿದ ಕೆಸರು ಲಕ್ಯಾ ಅಣೆಕಟ್ಟಿನ ಹಿಂದೆ. ಭದ್ರಾ ನದಿಗೆ ಹೂಳು ಹೋಗುತ್ತಿತ್ತು, ಸುತ್ತ ಶೋಲಾ ಕಾಡು, ರಾಷ್ಟ್ರೀಯ ಉದ್ಯಾನ. 2002ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2005ರ ಕೊನೆಗೆ ಗಣಿ ನಿಲ್ಲಬೇಕು. 2005ರ ಡಿಸೆಂಬರ್ 31ಕ್ಕೆ ನಿಂತಿತು.

ನಿಲ್ಲಿಸಿದ್ದು ಸರಿ ಅಂತಲೇ ನಾನು ಹೇಳುವುದು. ಕಾಡಿನ ಪರವಾಗಿ ಹೋರಾಡಿದವರ ಮೇಲೆ ನಮ್ಮ ಮನೆಯಲ್ಲಿ ಸಿಟ್ಟಿರಲಿಲ್ಲ. ಅಪ್ಪನೇ ಹೇಳುತ್ತಿದ್ದರು, "ಆ ಹೊಳೆಯ ನೀರು ನೋಡಿದರೆ ಅವರು ಹೇಳುವುದು ಸುಳ್ಳಲ್ಲ" ಅಂತ. ಮೂರು ವರ್ಷ ಮೊದಲೇ ತಾರೀಖು ಗೊತ್ತಿತ್ತು. ಕಾಯಂ ನೌಕರರಿಗೆ ಏನಾದರೂ ಒಂದು ದಾರಿ ಸಿಕ್ಕಿತು. ಕೆಲವರಿಗೆ ಪಣಂಬೂರಿಗೆ ವರ್ಗ, ಕೆಲವರಿಗೆ ಸ್ವಯಂ ನಿವೃತ್ತಿ. ಸುಖವಾಗಿ ಹೋದರು ಅಂತಲ್ಲ, ಅತ್ತುಕೊಂಡೇ ಹೋದರು. ಆದರೂ ಅವರ ಕೈಯಲ್ಲಿ ಒಂದು ಕಾಗದ ಇತ್ತು.

ಟೈಲರಿಗೆ ಯಾವ ಕಾಗದ? ಕಂಪನಿ ಮೋಸ ಮಾಡಿತು ಅಂತ ನಾನು ಹೇಳುತ್ತಿಲ್ಲ. ಕಂಪನಿಯ ಪುಸ್ತಕದಲ್ಲಿ ಅಪ್ಪ ಇರಲೇ ಇಲ್ಲ. ಕ್ಷೌರದ ಅಂಗಡಿಯವರು ಇರಲಿಲ್ಲ. ಕಳಸದಿಂದ ತರಕಾರಿ ತಂದು ಮಾರುವವರು ಇರಲಿಲ್ಲ. ಕ್ವಾರ್ಟರ್ಸಿನ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದ ಹೆಂಗಸರು ಇರಲಿಲ್ಲ. ಗಿರಾಕಿಗಳು ಒಬ್ಬೊಬ್ಬರೇ ಬಂದು ಹಳೆ ಬಾಕಿ ಕೊಟ್ಟು ಹೋದರು. ಅವರು ಒಳ್ಳೆಯವರೇ. ಬಾಕಿ ತೀರಿದ ಮೇಲೆ ಅಂಗಡಿಯಲ್ಲಿ ಕೆಲಸ ಉಳಿಯಲಿಲ್ಲ. ನಾವು ಹೊಲಿಗೆ ಮೆಷಿನು, ಕತ್ತರಿಸುವ ಮೇಜು ಎಲ್ಲ ಒಂದು ಟೆಂಪೋದಲ್ಲಿ ಹಾಕಿಕೊಂಡು, ಎಸ್ಕೆ ಬಾರ್ಡರ್ ದಾಟಿ, ಬಜಗೋಳಿ, ಕಾರ್ಕಳ ಆಗಿ ಪಡುಬಿದ್ರಿಗೆ ಬಂದೆವು. ಅಮ್ಮನ ತವರು ಇಲ್ಲೇ.

ಪಡುಬಿದ್ರಿಯಲ್ಲಿ ಟೈಲರುಗಳಿಗೆ ಬರವಿಲ್ಲ. ರೆಡಿಮೇಡ್ ಬೇರೆ ಬಂದಿತ್ತು. ಅಪ್ಪ ಒಂದು ಬಟ್ಟೆ ಅಂಗಡಿಯ ಮೆಟ್ಟಿಲ ಹತ್ತಿರ ಮೆಷಿನು ಇಟ್ಟು ಪ್ಯಾಂಟಿನ ಕಾಲು ಗಿಡ್ಡ ಮಾಡಿಕೊಟ್ಟುಕೊಂಡು ಕೂತರು. ಮನೆ ನಡೆದದ್ದು ಅಮ್ಮನ ಬೀಡಿಯಲ್ಲಿ.

ಇಲ್ಲಿಂದ ನನ್ನ ಕಥೆ ಸ್ವಲ್ಪ ವಿಚಿತ್ರವಾಗುತ್ತದೆ. ಅಮ್ಮ ಮದುವೆಗೆ ಮೊದಲೇ ತವರಿನಲ್ಲಿ ಬೀಡಿ ಕಟ್ಟುತ್ತಿದ್ದವರು. ಬಂದ ಮೇಲೆ ಮತ್ತೆ ತಡ್ಪೆ, ಅಂದರೆ ಬೀಡಿ ಕಟ್ಟುವ ಮೊರ, ಮಡಿಲಿಗೆ ತೆಗೆದುಕೊಂಡರು. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ಹೊಗೆಸೊಪ್ಪು, ನೂಲು ತರುವುದು, ಎಲೆ ನೀರಲ್ಲಿ ನೆನೆಸಿ ಕತ್ತರಿಸುವುದು, ಸಂಜೆ ಕಟ್ಟು ಕಟ್ಟಿ ಬ್ರಾಂಚಿಗೆ ಕೊಡುವುದು. ಕೆಟ್ಟ ಕೆಲಸ. ಬೆನ್ನು ಹೋಗುತ್ತದೆ, ಮನೆಯಿಡೀ ಹೊಗೆಸೊಪ್ಪಿನ ಘಾಟು. ಸರಿಯಿಲ್ಲ ಅಂತ ಬ್ರಾಂಚಿನವರು ವಾಪಸು ಹಾಕುವ ಬೀಡಿ ಬೇರೆ. ಅದನ್ನು ನಾನು ಹೊಗಳುವುದಿಲ್ಲ.

ಆದರೆ ಅಮ್ಮನ ಹತ್ತಿರ ಒಂದು ಪಾಸ್ ಪುಸ್ತಕ ಇತ್ತು. ಪಿಎಫ್ ನಂಬರು ಇತ್ತು. ಬೀಡಿ ಕಾರ್ಮಿಕರ ಗುರುತಿನ ಚೀಟಿ ಇತ್ತು, ಅದರಿಂದ ನನಗೆ ಶಾಲೆಗೆ ಸ್ಕಾಲರ್‌ಶಿಪ್ ಬಂತು. ಸ್ವಂತ ಜಗಲಿಯಲ್ಲಿ ಕೂತು, ಯಾವ ಕಾರ್ಖಾನೆಯ ಗೇಟನ್ನೂ ದಾಟದೆ ಕೆಲಸ ಮಾಡಿದ ಹೆಂಗಸು ಅವರು. ಅವರಿಗೆ ಈಗ ಪಿಎಫ್ ಪಿಂಚಣಿ ಬರುತ್ತದೆ. ತಿಂಗಳಿಗೆ ಸಾವಿರದ ಚಿಲ್ಲರೆ. ಅಷ್ಟರಲ್ಲಿ ಏನಾಗುತ್ತದೆ ಅಂತ ಕೇಳಬಹುದು. ಬಿಪಿ ಮಾತ್ರೆ ಆಗುತ್ತದೆ, ಮೊಮ್ಮಕ್ಕಳಿಗೆ ವಿಷುವಿಗೆ ಕೈಯಲ್ಲಿ ಏನಾದರೂ ಇಡಲಿಕ್ಕೆ ಆಗುತ್ತದೆ. ಅಪ್ಪನಿಗೆ ಕೊನೆಯವರೆಗೂ ಅದು ಕೂಡ ಇರಲಿಲ್ಲ.

ಇದು ತಾನಾಗಿ ಆದದ್ದಲ್ಲ. ಮನೆಯಲ್ಲಿ ಕಟ್ಟುವವರು ನಮ್ಮ ನೌಕರರೇ ಅಲ್ಲ ಅಂತ ಬೀಡಿ ಮಾಲೀಕರು ಸುಪ್ರೀಂ ಕೋರ್ಟಿನವರೆಗೆ ವಾದಿಸಿದರು. 1966ರಲ್ಲಿ ಬೀಡಿ ಕಾರ್ಮಿಕರ ಕಾಯ್ದೆ, 1976ರಲ್ಲಿ ಕಲ್ಯಾಣ ನಿಧಿ, 1977ರಲ್ಲಿ ಪಿಎಫ್. ಕೊನೆಗೆ 1985ರಲ್ಲಿ ಕೋರ್ಟು, ಮನೆಯಲ್ಲಿ ಕಟ್ಟುವವರಿಗೂ ಪಿಎಫ್ ಅನ್ವಯವಾಗುತ್ತದೆ ಅಂದಿತು. ಇದರ ಹಿಂದೆ ಯೂನಿಯನ್ನುಗಳು ವರ್ಷಗಟ್ಟಲೆ ಬೀದಿಯಲ್ಲಿ ನಿಂತದ್ದುಂಟು. ಜಗಲಿಯಲ್ಲಿ ಕೂತವರನ್ನು ಪುಸ್ತಕಕ್ಕೆ ತರಲು ಸಾಧ್ಯವಾಯಿತು ಅಂದ ಮೇಲೆ, ಗೇಟಿನ ಒಳಗೆ ಹೆಲ್ಮೆಟ್ ಹಾಕಿಕೊಂಡು ನಿಂತವರನ್ನು ತರುವುದು ಕಷ್ಟ ಅಂದರೆ ನಾನು ನಂಬುವುದಿಲ್ಲ.

ಈಗ ನನ್ನ ಮೇಜಿನ ಮೇಲಿನ ಕಾಗದಗಳಿಗೆ ಬರುತ್ತೇನೆ. ಸ್ವಲ್ಪ ಬೋರಿನ ವಿಷಯ, ಸಹಿಸಿಕೊಳ್ಳಿ.

ಗುತ್ತಿಗೆ ಕೆಲಸಗಾರರಿಗೆ ಪಿಎಫ್ ಇಲ್ಲ ಅಂತಲ್ಲ. ಈಗ ಹೆಚ್ಚಿನ ಕಡೆ ಉಂಟು. ಕಟ್ಟದಿದ್ದರೆ ಕಂಟ್ರಾಕ್ಟರಿನ ಬಿಲ್ಲು ಪಾಸಾಗುವುದಿಲ್ಲ. ತೊಂದರೆ ಇರುವುದು ಸೇವೆಯ ಲೆಕ್ಕದಲ್ಲಿ. ಟೆಂಡರ್ ಅವಧಿ ಮುಗಿದಾಗ ಕಂಟ್ರಾಕ್ಟರ್ ಬದಲಾಗುತ್ತಾರೆ. ಕೆಲಸಗಾರ ಅದೇ, ಸಲಿಕೆ ಅದೇ, ನಿಲ್ಲುವ ಜಾಗ ಅದೇ. ಕಾಗದದಲ್ಲಿ ಮಾತ್ರ ಅವನು ಹಳೆ ಕೆಲಸ ಬಿಟ್ಟು ಹೊಸ ಕೆಲಸಕ್ಕೆ ಸೇರಿದ. ಅವನ ಸೇವೆ ಮತ್ತೆ ಸೊನ್ನೆಯಿಂದ ಶುರು.

ಕೆಲಸ ಬಿಡುವಾಗ ಗ್ರಾಚ್ಯುಟಿ ಸಿಗಬೇಕಾದರೆ ಸಾಮಾನ್ಯವಾಗಿ ಐದು ವರ್ಷ ಎಡೆಬಿಡದ ಸೇವೆ ಬೇಕು. ಕಂಟ್ರಾಕ್ಟ್ ಎರಡೋ ಮೂರೋ ವರ್ಷಕ್ಕೆ ಬದಲಾದರೆ ಐದು ಎಲ್ಲಿಂದ ಬರಬೇಕು? ಕೆಲಸದಿಂದ ತೆಗೆದಾಗ ಕೊಡುವ ಪರಿಹಾರವೂ ಹಾಗೆಯೇ, ವರ್ಷಕ್ಕೆ ಹದಿನೈದು ದಿನದ ಸಂಬಳ ಅಂತ ಲೆಕ್ಕ. ವರ್ಷವೇ ಇಲ್ಲದಿದ್ದರೆ ಯಾವುದರಿಂದ ಗುಣಿಸುವುದು? ಪಿಎಫ್ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಅಲ್ಲಿ ಮಾತ್ರ ಒಂದು ಅನುಕೂಲ. ಯುಎಎನ್ ಒಂದೇ ಆಗಿದ್ದರೆ ಬೇರೆ ಬೇರೆ ಕಂಟ್ರಾಕ್ಟರ ಹತ್ತಿರ ಮಾಡಿದ ಸೇವೆ ಕೂಡುತ್ತದೆ. ಆದರೆ ಎಷ್ಟೋ ಜನರಿಗೆ ಎರಡು ಮೂರು ಯುಎಎನ್ ಇರುತ್ತದೆ. ಆಧಾರಿನಲ್ಲಿ ಒಂದು ಸ್ಪೆಲ್ಲಿಂಗು, ಬ್ಯಾಂಕಿನಲ್ಲಿ ಇನ್ನೊಂದು, ಹಳೆ ಕಂಟ್ರಾಕ್ಟರು ಬರೆದದ್ದು ಮೂರನೆಯದು. ಪೂಜಾರಿ ಅನ್ನುವ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ತಪ್ಪು ಬರೆಯಬಹುದು ಅಂತ ನನ್ನನ್ನು ಕೇಳಿ.

ಇನ್ನೊಂದುಂಟು. ಕಂಟ್ರಾಕ್ಟು ಮುಗಿದಾಗ ಮಧ್ಯದಲ್ಲಿ ಕೆಲಸ ಇಲ್ಲದ ಒಂದೆರಡು ತಿಂಗಳು. ಹುಡುಗರು ಪಿಎಫ್ ತೆಗೆಯುತ್ತಾರೆ. ಬೈಕಿನ ಕಂತು, ತಂಗಿಯ ಮದುವೆ, ಅಮ್ಮನ ಆಪರೇಷನ್ನು. ಪಿಂಚಣಿಯ ಪಾಲನ್ನೂ ತೆಗೆದರೆ ಅಷ್ಟು ವರ್ಷದ ಸೇವೆ ಅಳಿಸಿಹೋಯಿತು. ನಾನು ಹೇಳಿ ನೋಡುತ್ತೇನೆ, "ಪಿಂಚಣಿದ್ದು ಮುಟ್ಟಬೇಡ ಮಾರಾಯ, ಸ್ಕೀಮ್ ಸರ್ಟಿಫಿಕೇಟ್ ತಗೋ, ಮಾಡಿದ ಸೇವೆ ಉಳಿಯುತ್ತದೆ." ಒಬ್ಬ ನಗುತ್ತಾ ಹೇಳಿದ, "ಮೇಡಂ, ಐವತ್ತೆಂಟಕ್ಕೆ ಬರುವ ದುಡ್ಡಿಂದ ಈ ಶುಕ್ರವಾರದ ಕಂತು ಕಟ್ಟಲಿಕ್ಕಾಗ್ತದಾ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಕಂಟ್ರಾಕ್ಟರುಗಳನ್ನು ವಿಲನ್ ಮಾಡುವುದು ಸುಲಭ. ಅವರಲ್ಲಿ ಅರ್ಧ ಜನ ನಿನ್ನೆ ಮೊನ್ನೆಯವರೆಗೆ ಫಿಟ್ಟರುಗಳಾಗಿದ್ದವರು. ಕಡಿಮೆ ದರ ಹಾಕಿದವರಿಗೆ ಟೆಂಡರು. ಬಿಲ್ಲು ಬರುವುದು ತಡ, ಚಲನ್ ಕಟ್ಟುವುದು ತಡ ಮಾಡುವ ಹಾಗಿಲ್ಲ. ಹೆಂಡತಿಯ ಬಳೆ ಸೊಸೈಟಿಯಲ್ಲಿ ಅಡವಿಟ್ಟು ಸಂಬಳ ಕೊಟ್ಟವರನ್ನು ನಾನು ನೋಡಿದ್ದೇನೆ. ಕೆಲಸ ನಿಂತರೆ ಅವರೂ ನಿಂತರು.

ಹಾಗಾಗಿ ನಾಳೆ ಯಾವುದೋ ಒಂದು ಸ್ಥಾವರ ಮುಚ್ಚಿತು ಅಂತಿಟ್ಟುಕೊಳ್ಳಿ. ಅಧಿಕಾರಿಗಳು ಬರುತ್ತಾರೆ, ಪುಸ್ತಕ ಕೇಳುತ್ತಾರೆ. ಕಾಯಂ ನೌಕರರು ಇಷ್ಟು ಜನ. ಗುತ್ತಿಗೆಯವರು? ಈಗಿನ ಕಂಟ್ರಾಕ್ಟರಿನ ಪಟ್ಟಿ ತೋರಿಸುತ್ತಾರೆ. ಸೇವೆ ಒಂದು ವರ್ಷ ನಾಲ್ಕು ತಿಂಗಳು. ಅಷ್ಟಕ್ಕೆ ಎಷ್ಟು ಬರುತ್ತದೋ ಅಷ್ಟು. ಹದಿಮೂರು ಹದಿನಾಲ್ಕು ವರ್ಷ ಅದೇ ಬೂದಿಯನ್ನು ಎತ್ತಿದವನು ಕಾಗದದಲ್ಲಿ ನಿನ್ನೆ ಬಂದವನು.

ಹೀಗೆ ಆಗಿಯೂ ಆಗಿದೆ, ದೂರದ ಊರಿನಲ್ಲಿ. ದಕ್ಷಿಣ ಆಫ್ರಿಕಾದಲ್ಲಿ ಕೊಮಾಟಿ ಅಂತ ಒಂದು ಹಳೆ ಕಲ್ಲಿದ್ದಲು ವಿದ್ಯುತ್ ಸ್ಥಾವರ. 2022ರ ಅಕ್ಟೋಬರಿನಲ್ಲಿ ಅದರ ಕೊನೆಯ ಘಟಕ ನಿಂತಿತು. ನ್ಯಾಯವಾಗಿ ಮುಚ್ಚುವುದು ಹೇಗೆ ಅಂತ ಜಗತ್ತಿಗೆ ತೋರಿಸುವ ಮಾದರಿ ಅದು ಆಗಬೇಕಿತ್ತು. ವಿಶ್ವಬ್ಯಾಂಕ್ 49.7 ಕೋಟಿ ಡಾಲರ್ ಮಂಜೂರು ಮಾಡಿತು. ಸೋಲಾರ್, ಬ್ಯಾಟರಿ, ತರಬೇತಿ ಕೇಂದ್ರ ಎಲ್ಲ ಯೋಜನೆಯಲ್ಲಿತ್ತು. ಕಾಯಂ ನೌಕರರನ್ನು ಬೇರೆ ಸ್ಥಾವರಗಳಿಗೆ ಕಳಿಸಿದರು. ಗುತ್ತಿಗೆಯವರ ಕೆಲಸ ಹೋಯಿತು, ಊರಿನ ಅಂಗಡಿ, ಬಾಡಿಗೆ ಕೋಣೆಗಳು ಖಾಲಿಯಾದವು. ಅದರ ಬಗ್ಗೆ ಓದುವಾಗ ನನಗೆ ಹೊಸದೇನೂ ಕಾಣಲಿಲ್ಲ. ಕುದುರೆಮುಖದ ಪೇಟೆಯನ್ನೇ ಇಂಗ್ಲಿಷಿನಲ್ಲಿ ಓದಿದ ಹಾಗಿತ್ತು.

ಹಾಗಾದರೆ ಹೊಸ ಸೋಲಾರ್ ಕೆಲಸಗಳು? ನಮ್ಮದೇ ರಾಜ್ಯದ ಪಾವಗಡ ನೋಡಬಹುದು. ಸುಮಾರು 13,000 ಎಕರೆ, 2050 ಮೆಗಾವಾಟ್. ಅಲ್ಲಿ ಒಂದು ಕೆಲಸ ಒಳ್ಳೆಯದಾಯಿತು. ರೈತರ ಜಮೀನು ಕಿತ್ತುಕೊಳ್ಳಲಿಲ್ಲ, ಲೀಸಿಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಷ್ಟು ಏರಿಕೆ. ಬರ ಬಿದ್ದು ಬಿದ್ದು ಸೋತ ಸೀಮೆ ಅದು, ಶೇಂಗಾ ಹಾಕಿ ಕಳೆದುಕೊಂಡವರಿಗೆ ಇದು ದೊಡ್ಡ ಆಸರೆ. ಆದರೆ ಬಾಡಿಗೆ ಹೋದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಲ್ಲಿ ಕೂಲಿಗೆ ಹೋಗುತ್ತಿದ್ದವರು, ಅಲ್ಲಿ ಕುರಿ ಮೇಯಿಸುತ್ತಿದ್ದವರು ಪಹಣಿಯಲ್ಲಿ ಇರಲಿಲ್ಲ. ಪ್ಯಾನೆಲ್ ಕೂರಿಸುವಾಗ ಒಂದಷ್ಟು ಕೆಲಸ ಸಿಕ್ಕಿತು. ಆಮೇಲೆ ಉಳಿದದ್ದು ಪ್ಯಾನೆಲ್ ತೊಳೆಯುವುದು, ಹುಲ್ಲು ಕತ್ತರಿಸುವುದು, ಕಾವಲು. ಅದಕ್ಕೂ ಗುತ್ತಿಗೆ. ಹಾಗಾಗಿ ಬರೀ ಇಂಧನ ಬದಲಾದರೆ ನನ್ನ ಎಕ್ಸೆಲ್ ಶೀಟು ಬದಲಾಗುವುದಿಲ್ಲ. ಮೇಲಿನ ಹೆಡ್ಡಿಂಗು ಮಾತ್ರ ಬದಲಾಗುತ್ತದೆ.

ನಮ್ಮ ಕಡೆ ನಾಡದೋಣಿಯವರ ಸೀಮೆಎಣ್ಣೆಯ ಕಥೆಯೂ ಸುಮಾರು ಇದೇ. ಸಬ್ಸಿಡಿ ಸೀಮೆಎಣ್ಣೆ ಸಮಯಕ್ಕೆ ಸಿಗದೆ ದೋಣಿ ದಡದಲ್ಲಿ ನಿಂತದ್ದು, ಮೀನುಗಾರರು ಪ್ರತಿಭಟನೆ ಮಾಡಿದ್ದು ಎಲ್ಲ ಆಯಿತು. ಎಂಜಿನ್ ಬದಲಿಸಿ, ಪೆಟ್ರೋಲಿಗೆ ಬನ್ನಿ ಅಂತ ಈಗ ಸರ್ಕಾರ ಹೇಳುತ್ತದೆ. ಅಲ್ಲ, ಸೀಮೆಎಣ್ಣೆ ಬಿಟ್ಟು ಪೆಟ್ರೋಲು ಅಂದರೆ ಅದು ಯಾವ ಸೀಮೆಯ ಹಸಿರು ಬದಲಾವಣೆ ಅಂತ ನನಗೆ ಅರ್ಥವಾಗಿಲ್ಲ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಇಷ್ಟು ಹೊತ್ತು ಕೆಲಸದ ಬಗ್ಗೆಯೇ ಹೇಳಿದೆ. ಎಲ್ಲೂರು ಕಡೆಯ ಓದುಗರು ಈಗಾಗಲೇ ಸಿಟ್ಟಾಗಿರಬಹುದು. ಅಲ್ಲಿ ಕೇಳಿದರೆ ಕೆಲವರು ನೇರವಾಗಿ ಹೇಳುತ್ತಾರೆ, "ಬಂದ್ ಆದರೆ ಒಳ್ಳೇದೇ, ನಮಗೆ ಎಂತ ನಷ್ಟ?" ಅವರ ಮಾತಿನಲ್ಲೂ ಸತ್ಯ ಉಂಟು. ಹಾರುಬೂದಿ, ಉಪ್ಪಾದ ಬಾವಿ ನೀರು ಅಂತ ಸುತ್ತಲಿನವರು ವರ್ಷಗಟ್ಟಲೆ ದೂರು ಕೊಟ್ಟರು. ನಂದಿಕೂರು ಜನಜಾಗೃತಿ ಸಮಿತಿ ಹಸಿರು ನ್ಯಾಯಮಂಡಳಿಗೆ ಹೋಯಿತು. 2022ರಲ್ಲಿ ಮಂಡಳಿ ಸುಮಾರು 52 ಕೋಟಿ ರೂಪಾಯಿ ಪರಿಸರ ಪರಿಹಾರ ಕಟ್ಟಬೇಕು ಅಂತ ಆದೇಶಿಸಿತು. ಅಲ್ಲಿಂದ ಸ್ವಲ್ಪ ದೂರದ ಶಂಕರಪುರ ನಮ್ಮ ಉಡುಪಿ ಮಲ್ಲಿಗೆಯ ಊರು. ಮಲ್ಲಿಗೆ ಗಿಡ ಎಷ್ಟು ನಾಜೂಕು ಅಂತ ಬೆಳೆದವರಿಗೇ ಗೊತ್ತು. ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ ಹೂ ಕೊಳ್ಳುವ ಕಟ್ಟೆಗೆ ಕೊಟ್ಟರೆ ಅವತ್ತಿನ ರೇಟು. ಎಷ್ಟೋ ಹೆಂಗಸರ ಸ್ವಂತ ಸಂಪಾದನೆ ಅಂದರೆ ಅದೇ.

ಹೊರಗಿನವರು ಬರೆಯುವಾಗ ಇದನ್ನು ಕೆಲಸ ಒಂದು ಕಡೆ, ಪರಿಸರ ಒಂದು ಕಡೆ ಅಂತ ಎರಡು ಪಕ್ಷ ಮಾಡುತ್ತಾರೆ. ಇಲ್ಲಿ ಎರಡೂ ಪಕ್ಷ ಒಂದೇ ಅಡುಗೆಮನೆಯಲ್ಲಿ ಊಟಕ್ಕೆ ಕೂರುತ್ತದೆ. ಮಗ ಶಿಫ್ಟಿಗೆ ಹೋಗುತ್ತಾನೆ, ತಾಯಿ ಮಲ್ಲಿಗೆ ಕಟ್ಟುತ್ತಾರೆ. ಸ್ಥಾವರ ನಿಂತ ಮೇಲೆ ಮಗನ ಸಂಬಳ ನಿಲ್ಲುತ್ತದೆ, ಬಾವಿಯ ನೀರು ಮಾತ್ರ ಮರುದಿನವೇ ಸಿಹಿಯಾಗುವುದಿಲ್ಲ. ಬೂದಿಯ ಹೊಂಡ ಹಾಗೆಯೇ ಇರುತ್ತದೆ. ಅದನ್ನು ಮುಚ್ಚುವುದು, ಮಣ್ಣು ಸರಿ ಮಾಡುವುದು, ನೀರು ಪರೀಕ್ಷೆ ಮಾಡಿಸುತ್ತಾ ಇರುವುದು, ಇದೆಲ್ಲ ಕೂಡ ಕೆಲಸವೇ ಅಲ್ವಾ? ಹಲವು ವರ್ಷದ ಕೆಲಸ. ಅದನ್ನು ಈಗ ಅಲ್ಲಿ ದುಡಿಯುವವರಿಗೇ ಮೊದಲು ಕೊಡಬೇಕು ಅಂತ ಒಂದು ಸಾಲು ಬರೆಸಿಕೊಂಡರೆ ಸಾಕು.

ಗಣಿ ಇರುವ ಜಿಲ್ಲೆಗಳಿಗೆ 2015ರಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಅಂತ ಒಂದು ನಿಧಿ ಉಂಟು. ಗಣಿ ನಡೆಸುವವರು ಅದಕ್ಕೆ ದುಡ್ಡು ಹಾಕಬೇಕು. ಕಲ್ಲಿದ್ದಲು ಅಗೆಯುವ ಊರಿಗೆ ಅದರಿಂದ ಏನಾದರೂ ಸಿಗುತ್ತದೆ. ನಾವು ಕಲ್ಲಿದ್ದಲು ಸುಡುವ ಊರು. ಬೂದಿ ನಮ್ಮಲ್ಲಿ, ನಿಧಿ ನಮ್ಮಲ್ಲಿಲ್ಲ.

ಅವಸರ ಏನು, ಇನ್ನೂ ಬೇಕಾದಷ್ಟು ಕಾಲ ಇದೆ ಅಂತ ನನ್ನ ಗಂಡನೇ ಹೇಳುತ್ತಾರೆ. ಲೆಕ್ಕ ಹಾಕೋಣ. ಎಲ್ಲೂರಿನ ಮೊದಲ ಘಟಕ ವಾಣಿಜ್ಯ ಉತ್ಪಾದನೆ ಶುರು ಮಾಡಿದ್ದು 2010ರಲ್ಲಿ, ಎರಡನೆಯದು 2012ರಲ್ಲಿ. ವಿದ್ಯುತ್ ಖರೀದಿ ಒಪ್ಪಂದ 25 ವರ್ಷದ್ದು. ಅಂದರೆ 2030ರ ದಶಕದ ಮಧ್ಯದಲ್ಲಿ ಮುಗಿಯುತ್ತದೆ. ಮುಂದುವರಿಸಬಹುದು, ಮುಂದುವರಿಸದೆಯೂ ಇರಬಹುದು. 1600 ಮೆಗಾವಾಟ್ ಹೆಚ್ಚಿಸುವ ಪ್ರಸ್ತಾಪವೂ ಒಮ್ಮೆ ಬಂದಿತ್ತು. ಹೊರದೇಶದ ಕಲ್ಲಿದ್ದಲು ತುಟ್ಟಿ. ಮಳೆಗಾಲದಲ್ಲಿ ಶರಾವತಿ, ವಾರಾಹಿ ತುಂಬಿದರೆ, ಹಗಲು ಹೊತ್ತು ಸೋಲಾರ್ ಅಗ್ಗಕ್ಕೆ ಸಿಕ್ಕರೆ, ತುಟ್ಟಿ ವಿದ್ಯುತ್ತನ್ನು ಕೊಳ್ಳುವವರು ಕಡಿಮೆ. ಕೊರತೆ ಬಂದಾಗ ಉಲ್ಟಾ. 2022ರ ಮೇ ತಿಂಗಳಲ್ಲಿ, ಆಮದು ಕಲ್ಲಿದ್ದಲಿನ ಸ್ಥಾವರಗಳೆಲ್ಲ ಪೂರ್ತಿ ಓಡಬೇಕು ಅಂತ ಕೇಂದ್ರ ಆದೇಶ ಹೊರಡಿಸಿತ್ತು. ಅಂದರೆ ಕಲ್ಲಿದ್ದಲು ಒಂದೇ ದಿನ ನಿಲ್ಲುವುದಿಲ್ಲ. ಒಮ್ಮೆ ನಿಂತು, ಒಮ್ಮೆ ಓಡಿ, ಮತ್ತೆ ನಿಂತು ನಿಲ್ಲುತ್ತದೆ. ಹಾಗೆ ನಿಲ್ಲುವಾಗ ಮೊದಲು ಕಡಿಮೆಯಾಗುವುದು ಗುತ್ತಿಗೆಯವರ ಹಾಜರಿ. ಮುಚ್ಚುವ ದಿನದ ಹೊತ್ತಿಗೆ ಪರಿಹಾರ ಕೇಳಲು ಅವರಲ್ಲಿ ಹೆಚ್ಚಿನವರು ಅಲ್ಲಿ ಇರುವುದೇ ಇಲ್ಲ. ಕುದುರೆಮುಖಕ್ಕೆ ಸಿಕ್ಕಿದ್ದು ಮೂರು ವರ್ಷ. ನಮಗೆ ಅದಕ್ಕಿಂತ ಜಾಸ್ತಿ ಸಮಯ ಉಂಟು, ಅದನ್ನು ಬಳಸಿಕೊಳ್ಳಬೇಕು ಅನ್ನುವುದು ನನ್ನ ವಾದ.

ನನ್ನ ಕೈಯಲ್ಲಿ ದೊಡ್ಡ ಯೋಜನೆ ಏನಿಲ್ಲ. ಆದರೆ ಕ್ಲರ್ಕಿನ ತಲೆಗೆ ಹೊಳೆದ ಒಂದು ದಾರಿ ಉಂಟು. ಅದು ಗೇಟ್ ಪಾಸು.

ದೊಡ್ಡ ಕಾರ್ಖಾನೆಯೊಳಗೆ ಪಾಸಿಲ್ಲದೆ ಒಂದು ನಾಯಿಯೂ ಹೋಗುವುದಿಲ್ಲ. ಪಾಸ್ ಮಾಡಿಸುವಾಗ ಆಧಾರ್, ಫೋಟೋ, ರಕ್ತದ ಗುಂಪು, ಪೊಲೀಸ್ ವೆರಿಫಿಕೇಷನ್, ಸುರಕ್ಷತಾ ತರಬೇತಿಯ ತಾರೀಖು ಎಲ್ಲ ಬೇಕು. ಕಂಟ್ರಾಕ್ಟರು ಬದಲಾದರೆ ಹೊಸ ಪಾಸು, ಆದರೆ ಸೆಕ್ಯುರಿಟಿಯವರ ದಾಖಲೆಯಲ್ಲಿ ಹಳೆಯದರ ಗುರುತು ಉಳಿಯುತ್ತದೆ. ಯಾವ ಮನುಷ್ಯ ಯಾವ ವರ್ಷದಿಂದ ಆ ಗೇಟಿನ ಒಳಗೆ ಹೋಗುತ್ತಿದ್ದಾನೆ ಅಂತ ಹೇಳುವ ಶಕ್ತಿ ಹಾಜರಿ ಪುಸ್ತಕಕ್ಕಿಂತ ಅದಕ್ಕೇ ಜಾಸ್ತಿ. ಹಾಜರಿ ಪುಸ್ತಕ ಕಂಟ್ರಾಕ್ಟರಿನದು, ಗೇಟಿನ ದಾಖಲೆ ಮೂಲ ಮಾಲೀಕರದು, ಅಂದರೆ ಕಾರ್ಖಾನೆಯವರದು. ಕಂಟ್ರಾಕ್ಟರು ಸಂಬಳ, ಪಿಎಫ್ ಕೊಡದಿದ್ದರೆ ಮೂಲ ಮಾಲೀಕರೇ ಕೊಡಬೇಕು ಅಂತ ಕಾನೂನು ಮೊದಲಿನಿಂದಲೂ ಹೇಳುತ್ತದೆ. ಹಾಗಾದರೆ ಸೇವೆಯ ವರ್ಷವನ್ನು ಅವರದೇ ಗೇಟಿನ ದಾಖಲೆಯಿಂದ ಎಣಿಸಿದರೆ ತಪ್ಪೇನು? ಕಂಟ್ರಾಕ್ಟರು ಎಷ್ಟೇ ಬದಲಾಗಲಿ, ಗೇಟು ಒಂದೇ. ಪರಿಹಾರ, ತರಬೇತಿ, ಬೂದಿ ಹೊಂಡ ಮುಚ್ಚುವ ಕೆಲಸದಲ್ಲಿ ಆದ್ಯತೆ, ಎಲ್ಲದಕ್ಕೂ ಆ ಲೆಕ್ಕವೇ ಇರಲಿ.

ಗೇಟಿನ ಹೊರಗಿನವರಿಗೆ ಬೇರೆ ಪುಸ್ತಕ ಬೇಕು. ಪಂಚಾಯಿತಿಯ ಅಂಗಡಿ ಪರವಾನಗಿ ಇದ್ದರೆ ಅದು, ಬಾಡಿಗೆ ಕೋಣೆಗೆ ಕಟ್ಟಿದ ಮನೆ ತೆರಿಗೆಯ ರಸೀದಿ ಇದ್ದರೆ ಅದು. ಅಪ್ಪನ ಹತ್ತಿರ ಅಂಥ ಒಂದು ಪರವಾನಗಿ ಇದ್ದಿದ್ದರೂ ಯಾರಿಗೆ ತೋರಿಸುವುದು ಅಂತ ಗೊತ್ತಿರುತ್ತಿರಲಿಲ್ಲ, ಆ ಮಾತು ಬೇರೆ. ಉತ್ತರದಿಂದ ಬಂದ ಹುಡುಗರ ವಿಷಯ ಇನ್ನೂ ಕಷ್ಟ. ಅವರಲ್ಲಿ ಕೆಲವರ ಊರು ಜಾರ್ಖಂಡಿನ ಕಲ್ಲಿದ್ದಲು ಸೀಮೆಯೇ. ಇಲ್ಲಿ ಕೆಲಸ ಹೋಗಿ ಊರಿಗೆ ಹೋದರೆ ಅಲ್ಲೂ ಇದೇ ಮಾತು ನಡೆಯುತ್ತಿರುತ್ತದೆ. "ಸ್ಥಳೀಯರಿಗೆ ಮೊದಲು" ಅಂತ ನಾವು ಘೋಷಣೆ ಕೂಗುವಾಗ ಅವರನ್ನು ಪಟ್ಟಿಯಿಂದ ಸುಲಭವಾಗಿ ಬಿಟ್ಟುಬಿಡುತ್ತೇವೆ. ಬೂದಿ ಅವರ ಎದೆಯೊಳಗೂ ಹೋಗಿದೆ.

ಸರ್ಕಾರ ಇದನ್ನೆಲ್ಲ ಮಾಡುವವರೆಗೆ ಕಾಯಬೇಡಿ. ಗುತ್ತಿಗೆಯಲ್ಲಿ ಇರುವವರು, ಅಥವಾ ಮನೆಯಲ್ಲಿ ಅಂಥವರು ಇರುವವರು, ಪ್ರತಿ ಗೇಟ್ ಪಾಸಿನ ಎರಡೂ ಬದಿಯ ಫೋಟೋ ತೆಗೆದು ಇಟ್ಟುಕೊಳ್ಳಿ. ಪಾಸು ವಾಪಸು ಕೊಡುವ ಮೊದಲು ತೆಗೆಯಿರಿ, ಆಮೇಲೆ ಸಿಗುವುದಿಲ್ಲ. ಸಂಬಳದ ಚೀಟಿ ಕೊಟ್ಟರೆ ಬಿಸಾಡಬೇಡಿ. ಎರಡು ಯುಎಎನ್ ಇದ್ದರೆ ಹಳೆಯದನ್ನು ಹೊಸದಕ್ಕೆ ವರ್ಗ ಮಾಡಿಸಿ. ಹೆಸರಿನ ಸ್ಪೆಲ್ಲಿಂಗು ಆಧಾರಿನಲ್ಲಿ ಇದ್ದ ಹಾಗೆಯೇ ಇರಲಿ. ಪಿಂಚಣಿಯ ಪಾಲನ್ನು ಮಾತ್ರ ಆದಷ್ಟು ಮುಟ್ಟಬೇಡಿ.

ಎಲ್ಲೂರು, ನಂದಿಕೂರು, ಪಡುಬಿದ್ರಿ ಕಡೆಯವರು ಯಾರಾದರೂ ಮುಂದಿನ ಗ್ರಾಮಸಭೆಯಲ್ಲಿ ಈ ಗೇಟ್ ದಾಖಲೆಯ ವಿಷಯ ಎತ್ತುವುದಾದರೆ ಅರ್ಜಿ ನಾನು ಬರೆದುಕೊಡುತ್ತೇನೆ. ಕನ್ನಡದಲ್ಲೇ, ಕಾನೂನಿನ ಕಲಂಗಳ ಸಮೇತ. ದುಡ್ಡು ಬೇಡ. ಹತ್ತರಿಂದ ಹದಿನೈದನೇ ತಾರೀಖಿನವರೆಗೆ ಮಾತ್ರ ಕೇಳಬೇಡಿ, ಆಗ ಚಲನ್ ಗಲಾಟೆ.